ಯಾರೂ ಹೋಗದ ಮೂಲೆ

ಶೇಷಪ್ಪಣ್ಣ ಯಾರನ್ನು ಕಂಡರೂ ಮೊದಲು ಕಾಲು ನೋಡುತ್ತಿದ್ದರು. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಮಸ್ಕಾರ ಹೇಳಿದರೆ ಅವರ ಕಣ್ಣು ನಮ್ಮ ಚಪ್ಪಲಿಯಿಂದ ಹೊರಟು, ಮೊಣಕಾಲಲ್ಲಿ ಸ್ವಲ್ಪ ನಿಂತು, ಆಮೇಲೆ ನಿಧಾನಕ್ಕೆ ಮುಖಕ್ಕೆ ಬರುತ್ತಿತ್ತು. ಒಮ್ಮೆ ಕೇಳಿದೆ. ನಕ್ಕು ಹೇಳಿದರು, "ಮುಖ ಸುಳ್ಳು ಹೇಳ್ತದೆ ಮೇಷ್ಟ್ರೇ. ಕಾಲಿಗೆ ಸುಳ್ಳು ಹೇಳಕ್ಕೆ ಬರಲ್ಲ."

ಅವರು ಕಬಡ್ಡಿ ಆಟಗಾರ. ಬಲಗಡೆಯ ಕಾರ್ನರ್. ಎದುರಾಳಿ ರೈಡರ್ ಒಳಗೆ ಬಂದಾಗ ಅಂಕಣದ ಮೂಲೆಯಲ್ಲಿ ನಿಂತು, ಅವನ ಹಿಮ್ಮಡಿಗೆ ಕೈ ಹಾಕಿ ಕೆಡವುವ ಕೆಲಸ. ಹೊಟ್ಟೆಪಾಡಿಗೆ ಬಸರೀಕಟ್ಟೆ ಕಡೆಯ ಎಸ್ಟೇಟುಗಳಿಗೆ ಆಳುಗಳನ್ನು ಸಾಗಿಸುವ ಜೀಪು ಓಡಿಸುತ್ತಿದ್ದರು. ನಾನು ಶಾಲೆಯಲ್ಲಿ ಆಟದ ಮೇಷ್ಟ್ರು, ಕೊಪ್ಪದ ತಂಡಕ್ಕೆ ಮ್ಯಾನೇಜರ್. ಹನ್ನೆರಡು ವರ್ಷ ಆ ಮೂಲೆಯಲ್ಲಿ ಬೇರೆಯವರನ್ನು ನಿಲ್ಲಿಸುವ ಯೋಚನೆಯೇ ನನಗೆ ಬಂದಿರಲಿಲ್ಲ.

ಒಂದು ಸಲ ಮೇಗುಂದದಲ್ಲಿ ಪಂದ್ಯ. ಕೊನೆಯ ನಿಮಿಷ, ಎರಡೂ ಕಡೆ ಸಮ ಅಂಕ. ರೈಡರ್ ಬಂದು ಬರಿಗೈಯಲ್ಲಿ ವಾಪಸು ಹೋದ ಎಂದು ಅಂಪೈರೂ ಭಾವಿಸಿದ್ದರು. ಅಷ್ಟರಲ್ಲಿ ಶೇಷಪ್ಪಣ್ಣ ಕೈ ಎತ್ತಿ ತಾವಾಗಿಯೇ ಗೆರೆ ದಾಟಿ ಹೊರಗೆ ಬಂದರು. ರೈಡರ್‌ನ ಬೆರಳ ತುದಿ ಅವರ ಮಣಿಕಟ್ಟಿಗೆ ತಾಗಿತ್ತಂತೆ. ಒಂದು ಅಂಕದಲ್ಲಿ ಸೋತೆವು. ನಾನು ಕೂಗಾಡಿದೆ, "ಯಾರೂ ನೋಡಿರಲಿಲ್ಲ ಅಲ್ವ ಶೇಷಪ್ಪಣ್ಣ!"

"ತಾಗಿದ್ದು ನಂಗೆ ಗೊತ್ತಾಯ್ತಲ್ಲ ಮಾರಾಯ್ರೇ," ಎಂದು ಅವರು ಟವೆಲಿನಿಂದ ಮುಖ ಒರೆಸಿಕೊಂಡರು.

ಅವರಿಗೆ ಮೂವತ್ತೊಂಬತ್ತಾದ ವರ್ಷ, ಒಂದು ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಬಂದು ನಿಂತರು. "ಮೇಷ್ಟ್ರೇ, ಈ ವರ್ಷದಿಂದ ಎನ್.ಆರ್.ಪುರದ ಟೀಮಿಗೆ ಆಡ್ಬೇಕಾಗ್ತದೆ. ಎಂತ ಅಂದ್ರೆ, ಮನೇಲಿ…"

ನಾನು ಮಾತು ಮುಗಿಸಲು ಬಿಡಲಿಲ್ಲ. "ಹೋಗುವುದಾದರೆ ಹೋಗಿ. ಕಾರಣ ಎಲ್ಲ ಬೇಡ," ಎಂದು ಒಳಗೆ ನಡೆದೆ. ನರಸಿಂಹರಾಜಪುರದಲ್ಲಿ ಶೇಷಪ್ಪಣ್ಣನ ಅತ್ತೆ ಹಾಸಿಗೆ ಹಿಡಿದಿದ್ದರು, ಹೆಂಡತಿ ಆಕೆಗೆ ಒಬ್ಬಳೇ ಮಗಳು, ಅದಕ್ಕೇ ಜೀಪು ಬಿಟ್ಟು ಅಲ್ಲಿನ ಮರದ ಮಿಲ್ಲಿಗೆ ಸೇರಿದ್ದಾರೆ ಎಂಬುದು ತಿಂಗಳ ನಂತರ ಬೇರೆಯವರಿಂದ ತಿಳಿಯಿತು. ತಿಳಿದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ.

ಅದೇ ವರ್ಷ ಶೃಂಗೇರಿಯಲ್ಲಿ ಪಂದ್ಯಾವಳಿ. ಅಲ್ಲಿನ ಆಟ ನೋಡಿ, ಮೂರು ತಾಲ್ಲೂಕುಗಳಿಂದ ಒಂದು ತಂಡ ಆರಿಸಿ ಜಿಲ್ಲಾ ಕೂಟಕ್ಕೆ ಕಳಿಸಬೇಕಿತ್ತು. ರೈಡರುಗಳನ್ನು ಹಿಡಿಯುವ ಆಟಗಾರರನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ವರ್ಷ ಆಡಿದರೂ ಶೇಷಪ್ಪಣ್ಣ ಜಿಲ್ಲೆಯ ಮಟ್ಟದಲ್ಲಿ ಆಡಿರಲಿಲ್ಲ. ಪ್ರತಿ ವರ್ಷ ಕೂಟದ ದಿನಗಳಲ್ಲೇ ಎಸ್ಟೇಟಿನಲ್ಲಿ ಕಾಫಿ ಕೊಯ್ಲು, ಜೀಪಿಗೆ ಬಿಡುವಿರುತ್ತಿರಲಿಲ್ಲ. ಮಿಲ್ಲಿನಲ್ಲಿ ರಜೆ ಸಿಕ್ಕಿದೆ, ಈ ಸಲ ಬರುತ್ತೇನೆ ಎಂದು ಅವರು ಎಲ್ಲರ ಹತ್ತಿರ ಹೇಳಿಕೊಂಡಿದ್ದರು.

ನಾನು ಅಂಕದ ಪುಸ್ತಕ ಹಿಡಿದು ಕೂತೆ. ಮೂರು ಪಂದ್ಯಗಳಲ್ಲಿ ಅವರು ಹಿಡಿದದ್ದು ಇಬ್ಬರೇ ರೈಡರುಗಳನ್ನು. ಅವರ ತಂಡದ ಇನ್ನೊಂದು ಮೂಲೆಯ ಆಟಗಾರ ಒಂಬತ್ತು ಮಂದಿಯನ್ನು ಹಿಡಿದಿದ್ದ. ಸಂಜೆ ಎಲ್ಲ ತಂಡಗಳೂ ಸೇರಿದ್ದಾಗ ಮೈಕಿನಲ್ಲಿ ಪಟ್ಟಿ ಓದಿದೆ. ಶೇಷಪ್ಪಣ್ಣನ ಹೆಸರಿರಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. "ನಮ್ಮ ಶೇಷಪ್ಪಣ್ಣ ತಂಡ ಬದಲಿಸಿದ ಮೇಲೆ ಮೂಲೆಯಲ್ಲಿ ನಿಂತೇ ನಿದ್ದೆ ಮಾಡುವುದು ಕಲಿತಿದ್ದಾರೆ. ವಯಸ್ಸು ಯಾರನ್ನೂ ಬಿಡುವುದಿಲ್ಲ," ಎಂದೆ. ಜನ ಹೋ ಎಂದು ನಕ್ಕರು. ಅವರೂ ನಕ್ಕರು, ತಲೆ ತಗ್ಗಿಸಿಕೊಂಡು. ಹೊರಡುವಾಗ ನನ್ನ ಬಳಿ ಬಂದು, "ಲೆಕ್ಕ ಸರಿ ಇದೆ ಮೇಷ್ಟ್ರೇ. ಹಿಡ್ದಿದ್ದು ಎರಡೇ," ಎಂದಷ್ಟೇ ಹೇಳಿ ಬಸ್ಸಿನ ಕಡೆ ನಡೆದರು.

ಜಿಲ್ಲಾ ಕೂಟದಲ್ಲಿ ನಮ್ಮ ತಂಡ ಮೊದಲ ಪಂದ್ಯದಲ್ಲೇ ಸೋತಿತು. ನಾನು ಆರಿಸಿದ ಕಾರ್ನರುಗಳನ್ನು ರೈಡರುಗಳು ಎರಡೂ ಕಡೆಯಿಂದ ಆಟ ಆಡಿಸಿಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಪ್ರವೀಣ ಕೂತಿದ್ದ, ನಮ್ಮ ಕೊಪ್ಪದ ರೈಡರ್.

"ಶೇಷಪ್ಪಣ್ಣ ಇರ್ಬೇಕಿತ್ತು ಸರ್," ಎಂದ.

"ಮೂರು ಪಂದ್ಯದಲ್ಲಿ ಎರಡು ಕ್ಯಾಚ್ ಮಾರಾಯ."

ಅವನು ಅಚ್ಚರಿಯಿಂದ ನನ್ನನ್ನು ನೋಡಿದ. "ಅವರ ಕಡೆ ಯಾರು ಹೋಗ್ತಾರೆ ಸರ್? ಹೋದ್ರೆ ತಾನೇ ಹಿಡಿಯದು? ಎಲ್ಲ ಟೀಮಿನವ್ರೂ ಇನ್ನೊಂದು ಮೂಲೆಗೇ ಹೋದ್ರು. ನಮಗೂ ನೀವೇ ಹೇಳಿದ್ದಲ್ವ, ಆ ಮೂಲೆ ಕಡೆ ತಲೆ ಹಾಕ್ಬೇಡಿ ಅಂತ?"

ಹೌದು, ನಾನೇ ಹೇಳಿದ್ದೆ. ಶೃಂಗೇರಿಯಲ್ಲಿ ಎನ್.ಆರ್.ಪುರದ ಎದುರಿನ ಪಂದ್ಯ ಶುರುವಾಗುವ ಮುಂಚೆ, ನಮ್ಮ ನಾಲ್ವರು ರೈಡರುಗಳನ್ನೂ ಹತ್ತಿರ ಕರೆದು. ಅದೇ ಬಾಯಲ್ಲಿ ಸಂಜೆ ಮೈಕ್ ಹಿಡಿದಿದ್ದೆ. ಮರೆತಿದ್ದೆ ಎಂದು ಹೇಳಿಕೊಳ್ಳಲು ಬಹಳ ದಿನ ಪ್ರಯತ್ನಪಟ್ಟೆ. ಮರೆತಿರಲಿಲ್ಲ.

ಹೋಗಿ ಹೇಳಬೇಕು ಎಂದುಕೊಂಡೆ. ಪರೀಕ್ಷೆ ಬಂತು, ಮಳೆ ಬಂತು, ಶಾಲೆ ಶುರುವಾಯಿತು. ಇವೆಲ್ಲ ನೆಪ; ಅವರೆದುರು ನಿಲ್ಲಲು ನಾಚಿಕೆ. ಮಿಲ್ಲಿನ ಬಾಗಿಲಿಗೆ ಹೋಗುವ ಹೊತ್ತಿಗೆ ಒಂದು ವರ್ಷವೇ ಕಳೆದಿತ್ತು. ಅವರು ಮರದ ಪುಡಿ ಕೊಡವಿಕೊಂಡು ಹೊರಗೆ ಬಂದು, ಎದುರಿನ ಅಂಗಡಿಯಲ್ಲಿ ಟೀ ಹೇಳಿದರು. ಅತ್ತೆ ತೀರಿಕೊಂಡಿದ್ದರು. ಶೇಷಪ್ಪಣ್ಣನ ಮಗಳು ಅಲ್ಲಿನ ಹೈಸ್ಕೂಲಿಗೆ ಹೋಗುತ್ತಿದ್ದಳು.

"ಶೇಷಪ್ಪಣ್ಣ, ಅವತ್ತು ನಾನು ಹೇಳಿದ್ದು ಸುಳ್ಳು. ನಿಮ್ಮ ಮೂಲೆಗೆ ಹೋಗಬೇಡಿ ಅಂತ ನಮ್ಮ ಹುಡುಗರಿಗೆ ಹೇಳಿದವನೇ ನಾನು."

ಅವರು ಲೋಟ ಕೆಳಗಿಟ್ಟರು. "ಹಂಗಾದ್ರೆ ಯಾಕೆ ಮೇಷ್ಟ್ರೇ?"

"ಬಿಟ್ಟು ಹೋದ್ರಲ್ಲ ಅಂತ ಸಿಟ್ಟು."

ಅವರು ನನ್ನ ಕಾಲು ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು.

"ಯಾರೂ ನನ್ನ ಕಡೆ ಬರ್ತಿಲ್ಲ ಅಂತ ಅವತ್ತು ನಂಗೂ ಅನ್ಸಿತ್ತು," ಎಂದರು. "ಆದ್ರೆ ಹನ್ನೆರಡು ವರ್ಷ ನನ್ನ ಆಟ ನೋಡಿದೋರು ನೀವು. ನೀವೇ ಹೇಳಿದ್ಮೇಲೆ ನಿಜಕ್ಕೂ ಆಗ್ತಿಲ್ವೇನೋ ಅಂದ್ಕಂಡೆ. ಅವತ್ತೇ ಬಿಟ್ಟೆ."

"ಬಿಟ್ಟಿರಾ?"

"ಆಮೇಲೆ ಅಂಕಣಕ್ಕೇ ಇಳೀಲಿಲ್ಲ."

"ಈ ವರ್ಷ ಬನ್ನಿ. ನಾನೇ ಎಲ್ಲರ ಹತ್ತಿರ ಮಾತಾಡ್ತೇನೆ."

ಅವರು ಬೇಸರವಿಲ್ಲದೆ ನಕ್ಕರು. "ನಲವತ್ತಾಯ್ತು ಮಾರಾಯ್ರೇ. ಈ ವಯಸ್ಸಲ್ಲಿ ಒಂದು ವರ್ಷ ನಿಂತ್ರೆ ಮತ್ತೆ ಶುರು ಮಾಡಕ್ಕಾಗಲ್ಲ. ಅವತ್ತು ಆಗ್ತಿತ್ತು."

ಒಳಗೆ ಗರಗಸ ಮತ್ತೆ ಶುರುವಾಯಿತು. ಅವರು ಎದ್ದರು. ನನ್ನ ಟೀ ಹಾಗೆಯೇ ಇತ್ತು. "ಕುಡ್ದು ಹೋಗಿ, ಆರ್ತದೆ," ಎಂದು ಹೇಳಿ ಒಳಗೆ ಹೋದರು.