ವಿನೋಬನಗರದ ಬಚ್ಚಲು ನೊಣ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ಆಗ ನಾನು ಶಿವಮೊಗ್ಗದ ಒಂದು ಪೆಸ್ಟ್ ಕಂಟ್ರೋಲ್ ಸಂಸ್ಥೆಯಲ್ಲಿ ಸೂಪರ್‌ವೈಸರ್. ಭದ್ರಾವತಿಯೂ ನನ್ನ ವ್ಯಾಪ್ತಿಗೇ ಸೇರಿತ್ತು. ಗೆದ್ದಲು, ತಿಗಣೆ, ಜಿರಳೆ ಎಲ್ಲವನ್ನೂ ನಿಭಾಯಿಸಿದ್ದ ನನ್ನನ್ನು ಆ ವರ್ಷ ಹೈರಾಣ ಮಾಡಿದ್ದು ವಿನೋಬನಗರದ ಒಂದು ಬಚ್ಚಲುಮನೆಯ ಸಣ್ಣ ನೊಣ.

ಅದನ್ನು ನಾವು ಡ್ರೈನ್ ಫ್ಲೈ ಎನ್ನುತ್ತೇವೆ. ಬೂದು ಬಣ್ಣ, ಪುಟ್ಟ ಪತಂಗದಂಥ ರೋಮದ ರೆಕ್ಕೆ. ಕಚ್ಚುವುದಿಲ್ಲ. ಕೊಳಚೆ ಪೈಪಿನ ಒಳಗೆ ಕಟ್ಟುವ ಲೋಳೆಯಲ್ಲಿ ಮೊಟ್ಟೆಯಿಡುತ್ತದೆ. ಹಾರುವುದನ್ನು ಎಷ್ಟು ಕೊಂದರೂ ಲೋಳೆ ಉಳಿದಿದ್ದರೆ ಮತ್ತೆ ಹುಟ್ಟುತ್ತದೆ.

ಮನೆಯ ಹಿರಿಯರಾದ ಗೌರಮ್ಮ ನಾನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ನೋಡಿ ರಿಯಾಜ್ ಸಾಬ್ರೆ, ಸೊಸೆ ಬಚ್ಚಲು ಸರಿಯಾಗಿ ತೊಳ್ದಿದ್ರೆ ನಿಮ್ಮನ್ನ ಕರೆಸೋ ಗತಿ ಬರ್ತಿತ್ತಾ?"

ಸೊಸೆ ಸವಿತಾ ಭದ್ರಾವತಿಯಿಂದ ಮದುವೆಯಾಗಿ ಬಂದವರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ದಿನವೂ ಆ್ಯಸಿಡ್ ಸುರಿದು ಉಜ್ಜಿ ಬೆರಳ ಸಂದುಗಳ ಚರ್ಮ ಸುಲಿದಿತ್ತು.

ಪೈಪಿಗೆ ಉದ್ದನೆಯ ಬ್ರಷ್ ಹಾಕಿ ತಿಕ್ಕಿಸಿದೆ, ಲೋಳೆ ಕರಗಿಸುವ ಜೆಲ್ ಬಿಡಿಸಿದೆ. ವಾರ ಕಳೆಯುವಷ್ಟರಲ್ಲಿ ಫೋನ್ ಬಂತು. ಮತ್ತೆ ಹೋದೆ, ಮತ್ತೆ ಅದೇ ಕೆಲಸ, ಮತ್ತೆ ಫೋನ್. "ನಿಮ್ಮ ಔಷಧೀಲಿ ದಮ್ಮೇ ಇಲ್ಲ" ಎಂಬ ಮಾತೂ ಕೇಳಿದ್ದಾಯಿತು. ನನಗೆ ರೇಗಿಹೋಗಿತ್ತು.

ಮೂರನೇ ಬಾರಿ ಹೋದಾಗ ಬಚ್ಚಲಿನ ಜಾಲರಿಯ ಮೇಲೆ ಅಂಟುಮುಖ ಕೆಳಗೆ ಮಾಡಿ ಟೇಪ್ ಹಚ್ಚಿದೆ. ನೊಣ ಆ ಪೈಪಿನಿಂದ ಏಳುತ್ತಿದ್ದರೆ ಟೇಪಿಗೆ ಸಿಕ್ಕಿಕೊಳ್ಳಬೇಕು. ಮರುದಿನ ಬೆಳಿಗ್ಗೆ ಒಂದೂ ಇರಲಿಲ್ಲ. ಆದರೆ ಕಮೋಡಿನ ಹಿಂದೆ, ಬಿಳಿ ಸಿಮೆಂಟ್ ಉದುರಿದ್ದ ಟೈಲ್ಸ್ ಸಂದಿಗೆ ಅನುಮಾನದಿಂದ ಹಚ್ಚಿದ್ದ ಇನ್ನೊಂದು ಟೇಪಿನ ತುಂಬ ನೊಣ.

ಮೂಲ ನೆಲದ ಕೆಳಗಿದೆ, ಟೈಲ್ಸ್ ತೆಗೆಸಿ ನೋಡಬೇಕು ಎಂದೆ. ಗೌರಮ್ಮನವರ ಮಗ ಲೋಕೇಶ್ ಒಪ್ಪಲಿಲ್ಲ.

"ಬಚ್ಚಲು ರಿಪೇರಿ ಮಾಡ್ಸಿ ಇನ್ನೂ ವರ್ಷ ಆಗಿಲ್ಲ. ಒಡೆಯೋ ಮಾತಾಡ್ಬೇಡಿ ಮಾರಾಯ್ರೆ, ಇನ್ನೂ ಸ್ಟ್ರಾಂಗ್ ಔಷಧಿ ಹೊಡೀರಿ."

ನಾನು ಹೊಡೆಯಲಿಲ್ಲ. ಜಗಳವಾಡಿಕೊಂಡೇ ಹೊರಬಂದೆ. ಸಿಕ್ಕ ಸಾಕ್ಷಿಯನ್ನು ಕಣ್ಣೆದುರು ಹಿಡಿದರೂ ನೋಡದವರಿಗೆ ಏನು ಹೇಳುವುದು?

ಮುಂದಿನ ತಿಂಗಳು ಲೋಕೇಶರೇ ಫೋನ್ ಮಾಡಿದರು. ಸವಿತಾ ಅತ್ತೆಯ ಮಾತಿಗೆ ಬೇಸತ್ತು ತವರಿಗೆ ಹೋಗಿದ್ದರು. ಬಚ್ಚಲು ಈಗ ಗೌರಮ್ಮನೇ ತೊಳೆಯುತ್ತಿದ್ದರು. ನೊಣ ಇನ್ನೂ ಹೆಚ್ಚಾಗಿತ್ತು. "ಒಡೆಸ್ತೀನಿ, ಬನ್ನಿ" ಎಂದರು.

ಟೈಲ್ಸ್ ಎದ್ದೊಡನೆ ನಾತ ಮುಖಕ್ಕೆ ಬಡಿಯಿತು. ರಿಪೇರಿ ಮಾಡಿದವರು ಹಳೆಯ ಪೈಪನ್ನು ಕತ್ತರಿಸಿ, ಬಾಯಿಗೆ ಮುಚ್ಚಳವನ್ನೂ ಹಾಕದೆ ಮೇಲೆ ಮಣ್ಣೆಳೆದು ಬಿಟ್ಟಿದ್ದರು. ಸುತ್ತಲೂ ಕಪ್ಪು ಲೋಳೆ, ಅದರೊಳಗೆ ಮಿಸುಕಾಡುವ ಹುಳ. ಕೊಳೆತ ಮಣ್ಣನ್ನೆಲ್ಲ ತೆಗೆಸಿ ಪೈಪಿನ ಬಾಯಿ ಮುಚ್ಚಿಸಿದೆವು. ನೊಣ ನಿಂತಿತು. ಗೌರಮ್ಮ ಗುಂಡಿಯನ್ನು ನೋಡಿ ಒಳಗೆ ಹೋದರು.

ಹೆಂಡತಿಯನ್ನು ಕರೆತರಲು ಹೊರಟ ಲೋಕೇಶ್ ನನ್ನನ್ನೂ ಭದ್ರಾವತಿಗೆ ಕರೆದರು. "ನೀವು ಹೇಳಿದ್ರೆ ಅವಳು ನಂಬ್ತಾಳೆ." ಅಲ್ಲಿ ನನಗೂ ಕೆಲಸವಿತ್ತು, ಹೋದೆ. ನಾನು ಪೈಪಿನ ಕಥೆ ಹೇಳುವುದನ್ನು ಸವಿತಾ ಪೂರ್ತಿ ಕೇಳಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ನಾನು ತೊಳೀತಿದ್ದೀನಿ ಅಂತ ನಿಮಗೆ ಗೊತ್ತಿತ್ತಲ್ಲ. ಒಂದಿನಾದ್ರೂ ಅಮ್ಮನ ಹತ್ರ ಹೇಳಿದ್ರಾ?"

ಆ ದಿನ ಲೋಕೇಶ್ ಹೆಂಡತಿಯಿಲ್ಲದೆಯೇ ವಾಪಸಾದರು. ಗೌರಮ್ಮ ತಾವೇ ಫೋನ್ ಮಾಡಿ ಕರೆದ ಮೇಲೆ ಸವಿತಾ ಬಂದರೆಂದು ಬಹಳ ದಿನದ ಮೇಲೆ ತಿಳಿಯಿತು.

ಈಗ ನಿವೃತ್ತನಾಗಿದ್ದರೂ ಯಾರಾದರೂ ಕರೆದರೆ ಹೋಗುತ್ತೇನೆ. ಬೈಗುಳ ಎಲ್ಲ ಮನೆಯಲ್ಲೂ ನನಗಿಂತ ಮೊದಲೇ ಬಂದಿರುತ್ತದೆ. ಹಾಗಾಗಿ ಬ್ಯಾಗ್ ಬಿಚ್ಚುವ ಮೊದಲು, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ: "ತೊಳೆಯೋರ ತಪ್ಪು ಅಂತ ಈಗಲೇ ಅನ್ಬೇಡಿ, ನಾನಿನ್ನೂ ನೋಡಿಲ್ಲ." ಅಷ್ಟಕ್ಕೇ ಹಿಂದೆ ನಿಂತಿದ್ದ ಯಾರೋ ಒಬ್ಬರು ಮುಂದೆ ಬಂದು, ನೊಣ ಮೊದಲು ಎಲ್ಲಿ ಕಂಡಿತೆಂದು ತೋರಿಸುತ್ತಾರೆ.