ಖಾಲಿ ದೋಣಿಯಲ್ಲಿ ಮಟ್ಟುವಿನಿಂದ ಉದ್ಯಾವರಕ್ಕೆ

ದೋಣಿಗೆ ಆರು ಸಾವಿರ ಕೊಟ್ಟೆ. ಮಟ್ಟುವಿನ ಶೀನಣ್ಣ ಕೇಳಿದ್ದು ಒಂಬತ್ತು. ಉದ್ಯಾವರದಲ್ಲಿ ಹೊಳೆಬದಿಗಿರುವ ತಂಗಿಯ ಮನೆಗೆ, ಎದುರು ನೀರಿನ ನಡುವಿರುವ ಕುದ್ರುವಿನಿಂದ ಹುಲ್ಲು ತರಲು ಒಂದು ಸಣ್ಣ ದೋಣಿ ಬೇಕಿತ್ತು. ಅಲ್ಲಿಗೆ ಸಾಗಿಸಲು ಟೆಂಪೋದವನು ಸಾವಿರದ ಐನೂರು ಎಂದ. ನೀರಿನ ಮೇಲೆ ಹೋಗುವ ವಸ್ತುವನ್ನು ಡಾಂಬರಿನ ಮೇಲೆ ಒಯ್ಯುವುದೇ? ಹಿನ್ನೀರಿನಲ್ಲಿ ಹೆಚ್ಚೆಂದರೆ ನಾಲ್ಕು ಕಿಲೋಮೀಟರ್. ನಾನೇ ನಡೆಸಿಕೊಂಡು ಹೋಗುತ್ತೇನೆಂದೆ.

ಬೆಳ್ಮಣ್‌ನಿಂದ ಮೊದಲ ಬಸ್ಸು ಹಿಡಿದು, ಕಟಪಾಡಿಯಲ್ಲಿ ಇಡ್ಲಿ ತಿಂದು, ಒಂಬತ್ತಕ್ಕೆ ಮಟ್ಟು ತಲುಪಿದ್ದೆ. ಅಂದು ತಂಗಿಯ ಮನೆಯಲ್ಲಿ ಹೊಸ ಅಕ್ಕಿ ಊಟ. ಹಿರಿಯರ ಬಳಿ "ಹೊಸತು ಉಣ್ಣುತ್ತೇನೆ" ಎಂದು ಅಪ್ಪಣೆ ಕೇಳದೆ ನಮ್ಮಲ್ಲಿ ಯಾರೂ ತುತ್ತೆತ್ತುವುದಿಲ್ಲ. ಕುಟುಂಬಕ್ಕೆ ಹಿರಿಯವನು ನಾನು. ಹನ್ನೆರಡಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದೆ.

ದೋಣಿಯ ಮುಂಭಾಗದಲ್ಲಿ ಎರಡು ಮೂಟೆ ಮರಳಿತ್ತು.

"ಇದೆಂತ ಶೀನಣ್ಣ? ನಿಮ್ಮ ಹೊಯ್ಗೆ ನಾನು ಯಾಕೆ ಹೊರಬೇಕು? ಇಳಿಸಿ."

"ಒಬ್ಬರೇ ಹೋಗುವುದಲ್ವಾ? ಇರಲಿ ಮಾರಾಯ್ರೆ."

"ಭಾರಕ್ಕೆ ನೀವು ಬಾಡಿಗೆ ಕೊಡುತ್ತೀರಾ?"

ನಕ್ಕು ಇಳಿಸಿದರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಹೊರಡುವಾಗಲೇ ಹತ್ತಾಗಿತ್ತು. ಹತ್ತೂವರೆಯವರೆಗೆ ಸುಖ. ಆಮೇಲೆ ಕಡಲ ಕಡೆಯಿಂದ ಗಾಳಿ ಎದ್ದಿತು. ಹಿಂದೆ ಕೂತ ನನ್ನ ತೂಕಕ್ಕೆ ದೋಣಿಯ ಖಾಲಿ ಮೂತಿ ಮೇಲೆದ್ದು, ಗಾಳಿ ತೋರಿಸಿದತ್ತ ತಿರುಗತೊಡಗಿತು. ಉತ್ತರಕ್ಕೆ ಹುಟ್ಟು ಹಾಕಿದರೆ ಪೂರ್ವದ ದಡಕ್ಕೆ ಹೋಗಿ, ನೀರಲ್ಲೇ ಬೆಳೆದ ಕಾಂಡ್ಲದ ಪೊದೆಗೆ ಡಿಕ್ಕಿ. ಬಿಡಿಸಿಕೊಂಡು ಹೊರಟೆ, ಮತ್ತೆ ಅದೇ ಪೊದೆ. ದಡದಲ್ಲಿ ತೆಂಗಿನಕಾಯಿ ರಾಶಿ ಹಾಕುತ್ತಿದ್ದ ಜಲಜಕ್ಕ ಎಂಬವರು ಮೂರನೆಯ ಸಲಕ್ಕೆ ಕೇಳಿದರು, "ಎಂತ ಅಣ್ಣ, ಆ ಪೊದೆಯಲ್ಲಿ ಎಂತಾದರೂ ಬಿದ್ದು ಹೋಗಿದೆಯಾ?"

ಹನ್ನೆರಡೂವರೆಗೆ ತಂಗಿಯ ಫೋನು. "ಹದಿನೈದು ಎಲೆ ಹಾಕಿ ಆಯ್ತು ಅಣ್ಣ. ಮಕ್ಕಳು ಅಳ್ತಾ ಉಂಟು. ದೋಣಿ ಅಲ್ಲೇ ಕಟ್ಟಿ ರಿಕ್ಷಾದಲ್ಲಿ ಬಾ."

"ರಿಕ್ಷಾಕ್ಕೆ ಇನ್ನೂರೈವತ್ತು! ಅರ್ಧ ಗಂಟೆ ತಡಿ."

ಒಂದೂವರೆಗೂ ಅದೇ ಅರ್ಧ ಗಂಟೆ ಬಾಕಿ ಇತ್ತು. ಭಾವ ಫೋನು ಕಸಿದುಕೊಂಡು, "ಇಲ್ಲಿಂದಲೇ ಕೇಳ್ತೇವೆ, ಅಪ್ಪಣೆ ಕೊಡಿ," ಎಂದರು. ಫೋನಿನಲ್ಲಿ ಕೊಟ್ಟರೆ ಹಿರಿಯನಿಗೆ ಏನು ಬೆಲೆ? ಕೊಡಲಿಲ್ಲ.

"ಮೂತಿಗೆ ಭಾರ ಹಾಕಿ," ಎಂದರು ಜಲಜಕ್ಕ. ಕಲ್ಲು ಕೇಳಿದೆ. "ಕೆಸರಲ್ಲಿ ಕಲ್ಲು ಎಲ್ಲುಂಟು? ಕಾಯಿ ಉಂಟು. ಒಂದಕ್ಕೆ ಮೂವತ್ತು."

"ಕಟಪಾಡಿಯಲ್ಲಿ ಇಪ್ಪತ್ತೈದು."

"ಹಾಗಾದರೆ ಕಟಪಾಡಿಗೇ ದೋಣಿ ಬಿಡಿ."

ಅರವತ್ತು ಕಾಯಿ ಕೊಂಡೆ. ಟೆಂಪೋ ಬಾಡಿಗೆಗಿಂತ ಮುನ್ನೂರು ಹೆಚ್ಚೇ ಆಯಿತು. ಮೂತಿ ನೀರಿಗೆ ಇಳಿಯಿತು, ದೋಣಿ ನೆಟ್ಟಗಾಯಿತು. ಆದರೂ ಅಡ್ಡಗಾಳಿ ಬಿಡಲಿಲ್ಲ. ತಂಗಿಯ ಮನೆಯ ಕಡವು ಮುಟ್ಟುವಾಗ ಮೂರೂಕಾಲು.

ಹದಿನೈದು ಜನವೂ ದಡದಲ್ಲೇ ನಿಂತಿದ್ದರು. ಕಾಯಿ ಕಡೆ ಯಾರೂ ನೋಡಲಿಲ್ಲ. ನನ್ನ ಕಾಲು ನೆಲಕ್ಕೆ ತಾಗುವ ಮೊದಲೇ ಒಟ್ಟಿಗೆ ಕೂಗಿದರು, "ಹೊಸತು ಉಣ್ತೇವೆ!"

ನನ್ನ ಐವತ್ತಾರು ವರ್ಷದಲ್ಲಿ ಮೊದಲ ಸಲ, ಕೇಳಿದ್ದನ್ನು ಚೌಕಾಸಿ ಇಲ್ಲದೆ ಕೊಟ್ಟೆ. "ಉಣ್ಣಿ."

ನೀವು ಒಬ್ಬರೇ ದೋಣಿಯಲ್ಲಿ ಹೊರಡುವುದಾದರೆ ಬೆಳಿಗ್ಗೆ ಆರಕ್ಕೆ ಹೊರಡಿ, ಹತ್ತರೊಳಗೆ ದಡ ಸೇರಿ. ಬೆಲೆ ಎಷ್ಟು ಬೇಕಾದರೂ ಇಳಿಸಿ. ಮುಂದಿನ ಮರಳು ಮಾತ್ರ ಇಳಿಸಬೇಡಿ. ಮನೆಯಲ್ಲಿ ಹೊಸ ಅಕ್ಕಿ ಊಟವಿದ್ದರೆ ಟೆಂಪೋದವನು ಕೇಳಿದಷ್ಟು ಕೊಡಿ.