ಪೆರ್ಡೂರು ದೇವರಿಗೆ ಹೋದ ಸೊಟ್ಟ ನಾಣ್ಯ

“ಬಂಗುಡೆ ಬೇಡ ಅಮ್ಮ, ನಿಮ್ಮ ಚಿಲ್ಲರೆ ಡಬ್ಬಿ ಒಮ್ಮೆ ನೋಡಬಹುದಾ?” ಎಂದು ಮಣಿಪಾಲದಿಂದ ಬಂದ ಮಾಸ್ಟ್ರೊಬ್ಬರು ಕೇಳಿದಾಗ, ಕಾಪುವಿನಲ್ಲಿ ನಲವತ್ತು ವರ್ಷ ಮೀನು ಮಾರಿದ ನನಗೆ ಇವರ ತಲೆ ಸರಿಯಿಲ್ಲ ಎಂದೇ ಅನಿಸಿತು. ಸರ್ಕಾರದವರು ನಾಣ್ಯ ಮಾಡುವಾಗ ಅಚ್ಚು ಪಕ್ಕಕ್ಕೆ ಬಿದ್ದು ಹಾಳಾದವನ್ನು ಕೂಡಿಡುವುದು ಅವರ ಹುಚ್ಚಂತೆ. ಮೊಬೈಲಿನಲ್ಲಿ ಒಂದನ್ನು ತೋರಿಸಿದರು. ಸಿಂಹದ ಅರ್ಧ ಮುಖ ಅಂಚಿನಾಚೆ ಹೋಗಿತ್ತು, ಇನ್ನೊಂದು ಬದಿ ಬೋಳು.

“ಇಂಥದ್ದೇ ಐದು ರೂಪಾಯಿ ಮನೆಯಲ್ಲಿ ಉಂಟು. ಬಸ್ಸಿನ ಕಂಡಕ್ಟರ್ ಸಹ ಮುಟ್ಟಲಿಲ್ಲ” ಎಂದೆ.

“ಎರಡು ಸಾವಿರ ಕೊಡ್ತೇನೆ.”

ಎಡವಟ್ಟಾದದ್ದು ಅಲ್ಲೇ. ಎಲ್ಲಿಯೂ ನಡೆಯದ ನಾಣ್ಯ ದೇವರಿಗಾದರೂ ನಡೆದೀತು ಎಂದು, ಮೊಣಕಾಲು ನೋವಿಗೆ ಹರಕೆ ಹೇಳಿ ಅದನ್ನೇ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ಪೆರ್ಡೂರು ದೇವರಿಗೆ ಮುಡಿಪು ಇಟ್ಟಿದ್ದೆ.

“ಗಂಟು ಬಿಚ್ಚಿ ಬೇರೆ ಐದು ರೂಪಾಯಿ ಕಟ್ಟಿದರಾಯ್ತಲ್ವಾ?” ಎಂದರು ಮಾಸ್ಟ್ರು.

“ಮುಡಿಪು ಬಿಚ್ಚಲಿಕ್ಕುಂಟಾ ಮಾರಾಯ್ರೆ? ಆಮೇಲೆ ಇನ್ನೊಂದು ಕಾಲೂ ಹಿಡಿದರೆ ಈ ಬುಟ್ಟಿ ನೀವು ಹೊರುತ್ತೀರಾ?”

ಮಾಸ್ಟ್ರು ಬುಟ್ಟಿಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಸಂಕ್ರಮಣದಂದು ನಾನು ಪೆರ್ಡೂರಿಗೆ ಹೋಗಿ ಗಂಟನ್ನು ಹುಂಡಿಗೆ ಹಾಕಿದೆ. ಅವರೂ ಬಂದಿದ್ದರು. ದೇವರಿಗೆ ಬೆನ್ನು ಹಾಕಿ ಹುಂಡಿಗೆ ಕೈ ಮುಗಿದರು.

ನೋವು ಇನ್ನೂ ಹೋಗಿಲ್ಲ. ಮೊದಲೆಲ್ಲ, ನಡೆಯದ ನಾಣ್ಯ ಮುಡಿಪಿಟ್ಟವಳೆಂದು ದೇವರ ಹತ್ತಿರ ಮೆಲ್ಲಗೆ ಕೇಳಿಕೊಳ್ಳುತ್ತಿದ್ದೆ. ಈಗ ಎರಡು ಸಾವಿರ ಕೊಟ್ಟವಳ ಹಾಗೆ ಗಟ್ಟಿಯಾಗಿಯೇ ಕೇಳುತ್ತೇನೆ.